ರಾಯಚೂರಿನಿಂದ ರೈಲಿನಾಗ ಆಗ್ರಾ, ಪ್ರಯಾಗ, ಕಾಶಿ: ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಹೊಂಟೋರಿಗೆ ದಾರಿ ಹೇಳ್ರಿ

ಸಿಂಧನೂರು_ಭತ್ತ:
ಮೂರು ಮಂದಿ ಅದೀವಿ. ಜನವರಿ ಎರಡನೇ ವಾರ ಹೊರಡೋ ವಿಚಾರ. ವಿಮಾನ ಬ್ಯಾಡ, ಪ್ಯಾಕೇಜ್ ಟೂರ್ ಬ್ಯಾಡ, ಬರೀ ರೈಲು ಬಸ್ಸು. ಸದ್ಯಕ್ಕ ಹಾಕಿರೋ ಲೆಕ್ಕ ಹಿಂಗೈತಿ.

ಬುಧವಾರ ರಾತ್ರಿ ರಾಯಚೂರಿನಾಗ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತೋದು. ಆಗ್ರಾದಾಗ ಇಳಿದು ತಾಜ್ ಮಹಲ್, ಕೋಟಿ ನೋಡಿ ಅವತ್ತ ರಾತ್ರಿ ಪ್ರಯಾಗರಾಜ್ ಗಾಡಿ. ಮುಂಜಾನಿ ಸಂಗಮ ಸ್ನಾನ, ಮಧ್ಯಾಹ್ನ ಕಾಶಿ. ಕಾಶಿ ಒಂದು ದಿನ, ಅಯೋಧ್ಯಾ ಒಂದು ದಿನ, ವಾಪಸ್. ಒಟ್ಟು ಏಳು ದಿನ.

ಲೆಕ್ಕ ಸರಿ ಐತೇನು? ಬ್ಯಾಗ್ ಎಷ್ಟು ದೊಡ್ಡದು ಬೇಕು? ಕಾಶಿಯಾಗ ಅಗ್ಗದ ವಸತಿ ಎಲ್ಲಿ? ತಿರುಗಿ ಬರೋ ದಾರಿ ಯಾವುದು?

ಗುಂತಕಲ್_ಲೋಕಲ್:
ಮೊದಲನೇ ಸಾಲಿನಾಗನ ಎರಡು ತಪ್ಪು ಅದಾವ.

ಒಂದು, ತಾರೀಖು. ಆ ಗಾಡಿ ಬೆಂಗಳೂರು ಬಿಡೋದು ಸಂಜಿ ಏಳರ ಮ್ಯಾಲೆ. ರಾಯಚೂರಿಗೆ ಬರೋದು ನಡುರಾತ್ರಿ ದಾಟಿದ ಮ್ಯಾಲೆ. ನೀವು ಬುಧವಾರ ರಾತ್ರಿ ಅಂತೀರಿ, ರೈಲ್ವೆ ಲೆಕ್ಕದಾಗ ಅದು ಗುರುವಾರ. ಟಿಕೆಟ್ ತೆಗಿಯೋವಾಗ ಹತ್ತೋ ಸ್ಟೇಷನ್ನಿನ ತಾರೀಖು ಹಾಕಬೇಕು, ಗಾಡಿ ಹುಟ್ಟೋ ಸ್ಟೇಷನ್ನಿಂದಲ್ಲ. ಬುಧವಾರ ಅಂತ ಹಾಕಿದ್ರ ಮಂಗಳವಾರ ಬೆಂಗಳೂರು ಬಿಟ್ಟ ಗಾಡಿಯಾಗ ಬರ್ತ್ ಬರ್ತದ. ನೀವು ಊಟ ಮಾಡಿ ಬುಧವಾರ ರಾತ್ರಿ ಪ್ಲಾಟ್‌ಫಾರ್ಮಿಗೆ ಬರೋ ಹೊತ್ತಿಗೆ ಅದು ಭೋಪಾಲ್ ಹತ್ತಿರ ಇರ್ತದ. ರಾಯಚೂರು, ಗುಂತಕಲ್ಲಿನಾಗ ಹತ್ತೋರು ಭಾಳ ಮಂದಿ ಸಿಕ್ಕಿಬೀಳೋದು ಇಲ್ಲೇ.

ಎರಡು, ವಾರ. ಗುರುವಾರ ನಸುಕಿನಾಗ ರಾಯಚೂರು ಬಿಟ್ರ ಆಗ್ರಾ ಕ್ಯಾಂಟ್ ಮುಟ್ಟೋದು ಶುಕ್ರವಾರ ಮುಂಜಾನಿ. ಶುಕ್ರವಾರ ತಾಜ್ ಮಹಲ್ ಬಂದ್.

ತತ್ಕಾಲ್, ಅಂದ್ರ ಕೊನೆ ಗಳಿಗೆಯ ಟಿಕೆಟ್ ಮಾಡೋದಿದ್ರ ಇನ್ನೊಂದು ಮಾತು. ತತ್ಕಾಲ್ ತೆರೆಯೋದು ಗಾಡಿ ತನ್ನ ಮೊದಲನೇ ಸ್ಟೇಷನ್ ಬಿಡೋ ದಿನಕ್ಕಿಂತ ಒಂದು ದಿನ ಮೊದಲು. ಗುರುವಾರದ ರಾಯಚೂರು ಟಿಕೆಟ್ಟಿಗೆ ತತ್ಕಾಲ್ ತೆರೆಯೋದು ಮಂಗಳವಾರ, ಬುಧವಾರ ಅಲ್ಲ. ಎಸಿ 10 ಗಂಟೆಗೆ, ಸ್ಲೀಪರ್ 11ಕ್ಕ. 2025ರ ಜುಲೈನಿಂದ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸದಿದ್ರ ಆನ್‌ಲೈನ್ ತತ್ಕಾಲ್ ಆಗಂಗಿಲ್ಲ. ಮೊದಲ ಜೋಡಿಸಿ ಇಟ್ಕೋರಿ.

ಒಗ್ಗಾಣಿ_ಮಿರ್ಚಿ:
ಶುಕ್ರವಾರ ಗೇಟಿನ ಮುಂದ ನಿಂತು ಫೋಟೊ ತಕ್ಕೊಂಡು ಬರೋರ ಸಂಘ ಕಟ್ಟಬಹುದು ನೋಡ್ರಿ, ಅಷ್ಟು ಮಂದಿ ಅದಾರ.

ಸಿಂಧನೂರು_ಭತ್ತ:
ಹಂಗಾರ ಒಂದು ದಿನ ಹಿಂದಕ್ಕ ತಗೊಂಡು ಗುರುವಾರ ಆಗ್ರಾ ಮುಟ್ಟಿದ್ರ ಆತಲ್ಲ?

ಬಳ್ಳಾರಿ_ಬಿಸಿಲು:
ವಾರ ಸರಿಹೋಗ್ತೈತೆ, ತಿಂಗಳು ಸರಿ ಇಲ್ಲ. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯೋವರೆಗೆ ಗಂಗಾ ಬಯಲಲ್ಲಿ ಕಾವಳ. ನಮ್ಮ ಕಡೆ ಮುಂಜಾನೆ ಒಂದು ತಾಸು ಮುಸುಕಿ ಹೋಗ್ತೈತಲ್ಲ, ಅಂಥದ್ದಲ್ಲ. ಎದುರಿನ ಸಿಗ್ನಲ್ ಕಾಣದಷ್ಟು ದಟ್ಟ. ಗಾಡಿಗಳು ನಾಲ್ಕು, ಆರು, ಹತ್ತು ತಾಸು ತಡ. ಝಾನ್ಸಿಯವರೆಗೆ ಟೈಮಿಗೆ ಬಂದ ಗಾಡಿ ಮುಂದೆ ತೆವಳೋಕೆ ಶುರು ಮಾಡ್ತೈತೆ. ಆಗ್ರಾದಲ್ಲಿ ಮುಂಜಾನೆ ತಾಜ್ ಮುಂದೆ ನಿಂತ್ರೂ ಗುಮ್ಮಟ ಕಾಣಲ್ಲ, ಹನ್ನೊಂದರ ಮೇಲೆ ಒಂಚೂರು ಹರೀತೈತೆ. ನಿಮ್ಮ ಲೆಕ್ಕದಲ್ಲಿ ಗಾಡಿಯಿಂದ ಗಾಡಿಗೆ ಅರ್ಧ ದಿನದ ಬಿಡುವೂ ಇಲ್ಲ. ಒಂದು ತಡ ಆದ್ರೆ ಮುಂದಿನ ಎಲ್ಲಾ ಟಿಕೆಟ್ ಹೋದಂಗೆ.

ಗಾಡಿ ಮೂರು ತಾಸಿಗಿಂತ ಜಾಸ್ತಿ ತಡ ಆಗಿ ನೀವು ಹತ್ತದಿದ್ರೆ ಪೂರ್ತಿ ರೊಕ್ಕ ವಾಪಸ್ ಬರ್ತೈತೆ. ಆದ್ರೆ ಗಾಡಿ ನಿಮ್ಮ ಸ್ಟೇಷನ್ ಬಿಡೋ ಮೊದಲೇ ಆನ್‌ಲೈನ್‌ನಲ್ಲಿ ಟಿಡಿಆರ್, ಅಂದ್ರೆ ರೊಕ್ಕ ವಾಪಸ್ ಕೇಳೋ ಅರ್ಜಿ, ಹಾಕಿರಬೇಕು. ಆಮೇಲೆ ಹಾಕಿದ್ರೆ ಏನೂ ಇಲ್ಲ.

ಚಳಿ ಬಗ್ಗೆನೂ ಹೇಳ್ಬೇಕು. ಬಳ್ಳಾರಿ ರಾಯಚೂರಿನವರಿಗೆ ಬಿಸಿಲು ಲೆಕ್ಕಕ್ಕಿಲ್ಲ, ಐದಾರು ಡಿಗ್ರಿ ಚಳಿ ಗೊತ್ತಿಲ್ಲ. ಒಂದು ಶಾಲು ಸಾಕು ಅಂತ ಹೋಗ್ಬೇಡ್ರಿ.

ಗಂಗಾವತಿ_ಅಕ್ಕ:
ಜನವರಿ ಎರಡನೇ ವಾರ ಅಂದ್ರ ಸಂಕ್ರಾಂತಿ. ಪ್ರಯಾಗದಾಗ ಪುಷ್ಯ ಹುಣ್ಣಿಮೆಯಿಂದ ಶಿವರಾತ್ರಿ ತನಕ ಪ್ರತಿ ವರ್ಷ ಮಾಘಮೇಳ ಇರ್ತದ, ಕುಂಭ ಇದ್ದ ವರ್ಷ ಅಷ್ಟ ಅಲ್ಲ. ಸಂಕ್ರಾಂತಿ, ಮೌನಿ ಅಮಾವಾಸ್ಯೆ, ವಸಂತ ಪಂಚಮಿ ಸ್ನಾನದ ದಿನ ಬಸ್ಸು, ಆಟೋಗಳನ್ನ ಊರ ಹೊರಗ ತಡೀತಾರ, ಐದಾರು ಕಿಲೋಮೀಟರ್ ನಡಿಯೋದು ಖಾತ್ರಿ. ಮೇಳಾನ ನೋಡಬೇಕು ಅನ್ನೋರು ಹೋಗ್ಲಿ, ಅದು ಬ್ಯಾರೆ ಮಾತು. ಅರ್ಧ ದಿನದಾಗ ಮುಳುಗಿ ಬರ್ತೀವಿ ಅಂದ್ರ ಆಗಂಗಿಲ್ಲ.

ನನ್ನ ಕೇಳಿದ್ರ ಶಿವರಾತ್ರಿ ಮುಗಿದ ಮ್ಯಾಲೆ, ಹೋಳಿ ಹುಣ್ಣಿಮೆಗೆ ಐದಾರು ದಿನ ಇರೋದರೊಳಗ ಮುಗಿಸ್ರಿ. ಸುಮಾರು ಹತ್ತು ದಿನದ ಕಿಂಡಿ. ಕಾವಳ ಇರಂಗಿಲ್ಲ, ಬಿಸಿಗಾಳಿ ಇನ್ನೂ ಬಂದಿರಂಗಿಲ್ಲ, ಗಂಗೆ ಇಳಿದಿರ್ತಾಳ, ಕಾಶಿ ಘಾಟುಗಳನ್ನ ಈ ತುದಿಯಿಂದ ಆ ತುದಿ ತನಕ ಮೆಟ್ಟಿಲ ಮ್ಯಾಲೆ ನಡಿಬಹುದು. ಹೋಳಿ ಹತ್ತಿರ ಬಂದಂಗ ಉತ್ತರದ ಕಡೆ ಹೋಗೋ ಗಾಡಿ ತುಂಬ್ತಾವ, ಊರಿಗೆ ಹೋಗೋ ಕೂಲಿ ಮಂದಿ ಪಾಪ ಬಾಗಿಲಿಗೆ ಜೋತು ಬಿದ್ದಿರ್ತಾರ.

ಹೊಸಪೇಟೆ_ಸರ್ಕಲ್:
ಅಕ್ಟೋಬರ್ ನವೆಂಬರ್ ಇನ್ನೂ ಚಲೋ ಅಲ್ವಾ?

ಗಂಗಾವತಿ_ಅಕ್ಕ:
ಚಲೋ, ಆದ್ರ ಉತ್ತರದ ಮಂದಿಯ ಛಠ್ ಪೂಜೆ ಮುಂದ-ಹಿಂದ ಗಾಡಿ ಸಿಗಂಗಿಲ್ಲ. ಕಾರ್ತಿಕ ಹುಣ್ಣಿಮೆ ದೇವ ದೀಪಾವಳಿ, ಅವತ್ತ ಕಾಶಿಯಾಗ ರೂಮಿನ ಬಾಡಿಗೆ ಕೇಳಬ್ಯಾಡ್ರಿ. ಮಳೆಗಾಲ ಅಂತೂ ಬ್ಯಾಡೇ ಬ್ಯಾಡ. ಜುಲೈನಿಂದ ಸೆಪ್ಟೆಂಬರ್ ನಡುವ ನೀರು ಏರಿದ್ರ ಘಾಟಿನಿಂದ ಘಾಟಿಗೆ ದಾರಿನ ಇರಂಗಿಲ್ಲ. ಕಾಶಿಯಾಗ ಅಪಾಯದ ಮಟ್ಟ 71.26 ಮೀಟರ್. ಅದರ ಹತ್ತಿರ ಹೋಗೋ ಮೊದಲ ದೋಣಿ ನಿಲ್ಲಿಸ್ತಾರ, ಆರತಿ ಮಾಳಿಗಿ ಮ್ಯಾಲೆ ಮಾಡ್ತಾರ.

ಹೊಸಪೇಟೆ_ಸರ್ಕಲ್:
ಟಿಕೆಟ್ 120 ದಿನ ಮುಂಚೆನೇ ತೆಗೆದಿಟ್ರೆ ಹೋಳಿ ಚಿಂತೆ ಇರಲ್ಲ.

ಗುಂತಕಲ್_ಲೋಕಲ್:
120 ಹೋಯ್ತು ಸ್ವಾಮಿ. 2024ರ ನವೆಂಬರ್ 1ರಿಂದ 60 ದಿನ.

ಹಂಗ ವೇಟಿಂಗ್ ಲಿಸ್ಟಿನ ವಿಷಯ. ನಡುವಿನ ಸ್ಟೇಷನ್ನಿಗೆ ಕೋಟಾ ಕಡಿಮಿ. ವೇಟಿಂಗ್‌ನಾಗ ಜಿಎನ್ (ಗಾಡಿ ಹುಟ್ಟೋ ಕಡೆಯ ಸಾಲು) ಅಂತ ಬಂದ್ರ ಆಸೆ ಇಟ್ಕೋಬಹುದು, ಪಿಕ್ಯು ಅಥವಾ ಆರ್‌ಎಲ್ (ನಡುವಿನ ಸ್ಟೇಷನ್ನಿನವರ ಸಾಲು) ಅಂತ ಬಂದ್ರ ಅದು ಸರಿಯೋದು ನಿಧಾನ. ಅಂಥಾ ಹೊತ್ತಿನಾಗ ಬೆಂಗಳೂರಿನಿಂದ ಟಿಕೆಟ್ ತೆಗೆದು ಹತ್ತೋ ಸ್ಟೇಷನ್ ರಾಯಚೂರು ಅಂತ ಹಾಕ್ತಾರ. ನಾಲ್ಕುನೂರು ಕಿಲೋಮೀಟರಿನ ಹೆಚ್ಚಿನ ದರ ಬೀಳ್ತದ, ಆದ್ರ ದೂರದ ಪ್ರಯಾಣಕ್ಕ ದರ ಇಳಿತಾ ಹೋಗೋದ್ರಿಂದ ವ್ಯತ್ಯಾಸ ದೊಡ್ಡದಲ್ಲ. ಹತ್ತೋ ಸ್ಟೇಷನ್ ಬದಲಿಸದೆ ಸುಮ್ಮನ ರಾಯಚೂರಿನಾಗ ಹತ್ತಿದ್ರ ಅಷ್ಟೊತ್ತಿಗೆ ಟಿಟಿಇ ನಿಮ್ಮ ಬರ್ತ್ ಬ್ಯಾರೆಯವರಿಗೆ ಕೊಟ್ಟಿರ್ತಾನ, ಅವನ ತಪ್ಪಿಲ್ಲ.

ತೋರಣಗಲ್_ಶಿಫ್ಟ್:
ಇದು ಬೇರೆಯವರ ಸೀಟ್ ಕಿತ್ಕೊಂಡಂಗಲ್ವಾ? ಬೆಂಗಳೂರಿಂದ ರಾಯಚೂರಿನವರೆಗೆ ಖಾಲಿ ಬರ್ತ್.

ಗುಂತಕಲ್_ಲೋಕಲ್:
ರೊಕ್ಕ ಕೊಟ್ಟು ತಗೊಂಡದ್ದು ಕಿತ್ಕೊಳ್ಳೋದು ಹೆಂಗಾಗ್ತದ? ಆರ್‌ಎಸಿ, ಅಂದ್ರ ಒಂದ ಬರ್ತ್ ಇಬ್ಬರು ಹಂಚ್ಕೊಂಡು ಕೂಡೋ ಟಿಕೆಟ್ ಇದ್ದೋರು ಅಷ್ಟು ದೂರ ಕಾಲು ಚಾಚಿ ಬರ್ತಾರ ಬಿಡ್ರಿ.

ಮಾನ್ವಿ_ಮೇಷ್ಟ್ರು:
ಬ್ಯಾಗ್ ವಿಷಯ ಯಾರೂ ಹೇಳಲಿಲ್ಲ. 35ರಿಂದ 40 ಲೀಟರಿನ ಬೆನ್ನುಚೀಲ ಸಾಕು, ತುಂಬಿದ ಮೇಲೆ ಏಳೆಂಟು ಕೆಜಿ ದಾಟಬಾರದು. 60 ಲೀಟರಿನದು ತಗೊಂಡರೆ ಜಾಗ ಇದೆ ಅಂತ ತುಂಬ್ತಾ ಹೋಗ್ತೀರಿ. ಕೆಳಗಿನ ಬರ್ತ್ ಅಡಿಯಲ್ಲೂ ಸೇರಲ್ಲ. ಸೊಂಟದ ಪಟ್ಟಿ ಇರೋದನ್ನೇ ನೋಡಿ ತಗೊಳ್ಳಿ. ಪಟ್ಟಿಯನ್ನ ಸೊಂಟದ ಮೂಳೆ ಮೇಲೆ ಮೊದಲು ಬಿಗಿದು, ಆಮೇಲೆ ಹೆಗಲಿನ ಪಟ್ಟಿ ಎಳೆಯಬೇಕು. ಉಲ್ಟಾ ಮಾಡಿದರೆ ಭಾರವೆಲ್ಲ ಹೆಗಲಿಗೆ ಬಿದ್ದು ಎರಡನೇ ದಿನಕ್ಕೇ ಕುತ್ತಿಗೆ ಹಿಡಿಯುತ್ತೆ. ನೀರಿನ ಬಾಟಲಿಯಂಥ ಭಾರದ್ದು ಬೆನ್ನಿಗೆ ಅಂಟಿಕೊಂಡು ನಡುವೆ ಇರಲಿ, ಬಟ್ಟೆ ಕೆಳಗೆ, ಮಳೆಗೋ ಚಳಿಗೋ ಬೇಕಾದ್ದು ಮೇಲೆ.

ಮೂರು ಜೊತೆ ಬಟ್ಟೆ. ಎರಡು ತೆಳು ಟವೆಲ್, ದಪ್ಪ ಟರ್ಕಿ ಟವೆಲ್ ಒಣಗಲ್ಲ. ಸ್ನಾನಕ್ಕೆ ಒಂದು ಪಂಚೆ. ಒದ್ದೆ ಬಟ್ಟೆಗೆ ಗಟ್ಟಿ ಪ್ಲಾಸ್ಟಿಕ್ ಚೀಲ. ರೈಲಿಗೆ ಸರಪಳಿ ಮತ್ತು ಎರಡು ಸಣ್ಣ ಬೀಗ. ಬೀಗ ಯಾಕಂದ್ರೆ ಸ್ಟೇಷನ್ ಕ್ಲೋಕ್ ರೂಮಿನಲ್ಲಿ ಬೀಗ ಹಾಕದ ಬ್ಯಾಗ್ ತಗೊಳ್ಳಲ್ಲ, ಟಿಕೆಟ್ ಅಥವಾ ಪಿಎನ್‌ಆರ್ ಕೂಡ ತೋರಿಸಬೇಕು. ಬಾಯಿಗೆ ದಾರ ಎಳೆದು ಕಟ್ಟೋ ಬೆನ್ನುಚೀಲಕ್ಕೆ ಬೀಗ ಹಾಕೋಕೆ ಜಾಗವೇ ಇರಲ್ಲ. ಜಿಪ್ ಇರೋದೇ ಬೇಕು, ಎರಡು ಜಿಪ್ ತುದಿ ಸೇರಿಸಿ ಬೀಗ ಬೀಳುವಂತಿರಬೇಕು.

ತೋರಣಗಲ್_ಶಿಫ್ಟ್:
ಟ್ರಾಲಿ ಬ್ಯಾಗಿಗೆ ಏನಾಗಿದೆ? ಎಳ್ಕೊಂಡು ಹೋದ್ರಾಯ್ತು.

ಮಾನ್ವಿ_ಮೇಷ್ಟ್ರು:
ಕಾಶಿಯ ಗೋದೌಲಿಯಾ ಚೌಕದಿಂದ ಒಳಗೆ ಆಟೋ ಬರಲ್ಲ. ಗಲ್ಲಿ ಅಂದ್ರೆ ಎರಡು ಆಳು ಒಟ್ಟಿಗೆ ಹೋಗೋಕೆ ಆಗದ್ದು. ಕಲ್ಲುಹಾಸು, ಸಗಣಿ, ಎದುರಿಗೆ ಗೂಳಿ, ಹಿಂದೆ ಬೈಕ್ ಹಾರ್ನ್. ಆ ಗಾಲಿ ಎರಡನೇ ತಿರುವಿಗೇ ಹೋಗುತ್ತೆ. ಘಾಟಿನ ಕಡೆಯಿಂದ ವಸತಿಗೆ ಹತ್ತೋದಾದ್ರೆ ಐವತ್ತು ಅರವತ್ತು ಮೆಟ್ಟಿಲು, ಒಂದೊಂದೂ ಒಂದಡಿ ಎತ್ತರ.

ತೋರಣಗಲ್_ಶಿಫ್ಟ್:
ಒಪ್ಪಿದೆ ಮೇಷ್ಟ್ರೇ.

ಒಗ್ಗಾಣಿ_ಮಿರ್ಚಿ:
ಬ್ಯಾಗಿನಾಗ ಖಡಕ್ ರೊಟ್ಟಿ ಇಲ್ಲದ ಪಟ್ಟಿ ಪಟ್ಟಿನ ಅಲ್ಲ. ಮೂರು ಮಂದಿಗೆ ಇಪ್ಪತ್ತೈದು ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ರೊಟ್ಟಿ ಪೂರ್ತಿ ಒಣಗಿರಬೇಕು, ನಡುವ ಮೆತ್ತಗ ಇದ್ರ ಮೂರನೇ ದಿನ ಬೂಸು ಹಿಡಿತದ. ಸ್ಟೀಲ್ ಡಬ್ಬಿ ಭಾರ. ಬಟ್ಟಿಯಾಗ ಸುತ್ತಿ ರಟ್ಟಿನ ಡಬ್ಬಿಗೆ ಹಾಕ್ರಿ, ಚೂರಾಗಂಗಿಲ್ಲ. ಪುಡಿಗೆ ಎಣ್ಣಿ ಅಲ್ಲೇ ಕಲಸ್ರಿ, ಇಲ್ಲಂದ್ರ ಬ್ಯಾಗ್ ಪೂರ್ತಿ ಗುರೆಳ್ಳು ವಾಸನಿ.

ಕೋಟೆ_ಕಲ್ಲು:
ಆಗ್ರಾದ ವಿವರ ಬರೀತೀನಿ, ಅರ್ಧಂಬರ್ಧ ತಿಳ್ಕೊಂಡು ಹೋಗೋರೇ ಜಾಸ್ತಿ.

ತಾಜ್ ತೆರೆಯೋದು ಸೂರ್ಯೋದಯಕ್ಕೆ ಅರ್ಧ ತಾಸು ಮುಂಚೆ, ಮುಚ್ಚೋದು ಸೂರ್ಯಾಸ್ತಕ್ಕೆ ಅರ್ಧ ತಾಸು ಮುಂಚೆ. ಭಾರತೀಯರಿಗೆ ಒಳಗೆ ಹೋಗೋ ಟಿಕೆಟ್ 50 ರೂಪಾಯಿ, ಗೋರಿ ಇರೋ ಮುಖ್ಯ ಕಟ್ಟಡದ ಮೇಲೆ ಹತ್ತೋಕೆ ಇನ್ನೂ 200. 50ರದ್ದು ಮಾತ್ರ ತಗೊಂಡು ಹೋಗಿ ಮೆಟ್ಟಿಲ ಹತ್ತಿರ ಜಗಳ ಆಡೋರು ದಿನಾ ಇರ್ತಾರೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಂದು ಟಿಕೆಟ್ಟಿಗೆ ಮೂರು ತಾಸು. ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ತೆಗೆದಿಟ್ಟರೆ ಒಂದು ಸಾಲು ಉಳೀತು.

ದೊಡ್ಡ ಬ್ಯಾಗ್, ತಿನ್ನೋ ಪದಾರ್ಥ, ತಂಬಾಕು, ಲೈಟರ್, ಟ್ರೈಪಾಡ್ ಯಾವುದೂ ಬಿಡಲ್ಲ. ಮೇಲಿನವರ ರೊಟ್ಟಿ ಡಬ್ಬಿ ಕೂಡ. ಗೇಟ್ ಹತ್ತಿರ ಸಾಮಾನು ಇಡೋ ಜಾಗ ಇದೆ, ಆದ್ರೆ ದೊಡ್ಡ ಬ್ಯಾಗನ್ನ ಆಗ್ರಾ ಕ್ಯಾಂಟ್ ಸ್ಟೇಷನ್ ಕ್ಲೋಕ್ ರೂಮಿನಲ್ಲಿಟ್ಟು ಬರೀ ಫೋನು, ನೀರು, ಗುರುತಿನ ಚೀಟಿ ಹಿಡ್ಕೊಂಡು ಹೋಗೋದೇ ಸುಖ. ಸ್ಟೇಷನ್ ಹೊರಗೆ ಪ್ರೀಪೇಯ್ಡ್ ಕೌಂಟರ್ ಇದೆ. ಹೊಗೆ ಬಿಡೋ ಗಾಡಿಗಳನ್ನ ತಾಜ್‌ಗೆ 500 ಮೀಟರ್ ದೂರದಲ್ಲೇ ನಿಲ್ಲಿಸ್ತಾರೆ, ಅಲ್ಲಿಂದ ಬ್ಯಾಟರಿ ಗಾಡಿ ಅಥವಾ ಕಾಲ್ನಡಿಗೆ.

ಒಳಗೆ ಹೋಗೋಕೆ ಪೂರ್ವ ಮತ್ತು ಪಶ್ಚಿಮ ಗೇಟ್. ದಕ್ಷಿಣದ್ದು ಹತ್ತಿರ ಅಂತ ತಾಜ್‌ಗಂಜ್ ಆಟೋದವರು ಬಿಡ್ತಾರೆ, ಆದ್ರೆ 2018ರಿಂದ ಆ ಕಡೆ ಪ್ರವೇಶ ಇಲ್ಲ.

ಹೊಸಪೇಟೆ_ಸರ್ಕಲ್:
ಹುಣ್ಣಿಮೆ ರಾತ್ರಿ ಬಿಡ್ತಾರಂತಲ್ಲ?

ಕೋಟೆ_ಕಲ್ಲು:
ಹುಣ್ಣಿಮೆ, ಅದರ ಹಿಂದೆ ಎರಡು, ಮುಂದೆ ಎರಡು, ಒಟ್ಟು ಐದು ರಾತ್ರಿ. ಶುಕ್ರವಾರ ಮತ್ತು ರಂಜಾನ್ ತಿಂಗಳು ಇಲ್ಲ. ಅದು ಬೇರೆ ಟಿಕೆಟ್, ದೂರದ ಕಟ್ಟೆಯಿಂದ ನೋಡೋದು. ಬೆಳಕು ಚೆನ್ನಾಗಿರೋ ಸಂಜೆ ಯಮುನೆಯ ಆಚೆ ದಂಡೆ ಮೆಹ್ತಾಬ್ ಬಾಗ್‌ನಿಂದ ನೋಡಿದರೆ ಅದಕ್ಕಿಂತ ಚೆನ್ನ ಅಂತ ನನ್ನ ಲೆಕ್ಕ. ಗದ್ದಲ ಇಲ್ಲ.

ಶುಕ್ರವಾರವೇ ಆಗ್ರಾದಲ್ಲಿ ಸಿಕ್ಕಿಬಿದ್ದರೆ ಫತೇಪುರ್ ಸಿಕ್ರಿಗೆ ಹೋಗಿ, 37 ಕಿಲೋಮೀಟರ್, ಬಸ್ ಇದೆ. ಆಗ್ರಾ ಕೋಟೆಗೂ ಶುಕ್ರವಾರ ರಜೆ ಇಲ್ಲ. ಮತ್ತೆ ‘ಇವತ್ತು ತಾಜ್ ಬಂದ್, ಅಮೃತಶಿಲೆ ಕಾರ್ಖಾನೆ ತೋರಿಸ್ತೀನಿ’ ಅನ್ನೋ ಆಟೋ ಯಾವ ವಾರ ಸಿಕ್ಕರೂ ಇಳಿದುಬಿಡಿ. ಅಂಗಡಿಯಿಂದ ಕಮಿಷನ್ ಅವನಿಗೆ.

ತುಂಗಭದ್ರಾ_ದಂಡೆ:
ಮನಿ ಮುಂದ ಹಂಪಿ ಐತಿ, ಪಂಪಾಸರೋವರ ಐತಿ, ಹೊಳಿ ಐತಿ. ಪರದೇಶದ ಮಂದಿ ಬೆನ್ನಿಗೆ ಚೀಲ ಹಾಕ್ಕೊಂಡು ಇಲ್ಲಿಗೆ ಬರ್ತಾರ. ನಮ್ಮೋರು ಅದ ಚೀಲ ಹಾಕ್ಕೊಂಡು ಎರಡು ಸಾವಿರ ಕಿಲೋಮೀಟರ್ ಹೊಂಟಾರ.

ಒಗ್ಗಾಣಿ_ಮಿರ್ಚಿ:
ಬಂತು ನೋಡ್ರಿ ಹೊಳಿ ನೀರು.

ಮಸ್ಕಿ_ಬಂಡೆ:
ಜಗಳ ಬ್ಯಾಡ, ಎರಡೂ ಒಂದ ದಾರಿಯಾಗ ಅದಾವ. ಅಶೋಕನ ಮಸ್ಕಿ ಶಾಸನ 1915ರಾಗ ಸಿಕ್ತು, ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಂಡಿದ್ದು. ಅಲ್ಲಿ ತನಕ ಶಾಸನಗಳೊಳಗ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತ ಇತ್ತ ಹೊರತು ಅಶೋಕ ಅನ್ನೋ ಹೆಸರು ಇರಲಿಲ್ಲ. ಮಸ್ಕಿಯಾಗ ಸ್ಪಷ್ಟ ಸಿಕ್ತು. ಆಮ್ಯಾಲೆ ಹೆಸರು ಸಿಕ್ಕಿದ್ದು ಮಧ್ಯಪ್ರದೇಶದ ಗುಜರ್ರಾ, ಮತ್ತ ನಮ್ಮ ಬಳ್ಳಾರಿ ಜಿಲ್ಲೆ ನಿಟ್ಟೂರು, ಉದೆಗೋಳ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಸೇರಿಸಿದ್ರ ಇಷ್ಟು ಸಣ್ಣ ಜಾಗದಾಗ ಅಶೋಕನ ಶಾಸನ ಐದು ಕಡೆ.

ಈಗ ಕರ್ನಾಟಕ ಎಕ್ಸ್‌ಪ್ರೆಸ್ ದಾರಿ ನೋಡ್ರಿ. ಭೋಪಾಲ್ ಬರ್ತದ, ಅಲ್ಲಿಂದ ಸುಮಾರು 46 ಕಿಲೋಮೀಟರಿಗೆ ಸಾಂಚಿ. ಝಾನ್ಸಿ ದಾಟಿದ ಮ್ಯಾಲೆ ದತಿಯಾ, ಆ ಜಿಲ್ಲೆಯಾಗ ಗುಜರ್ರಾ. ಪ್ರಯಾಗದ ಕೋಟ್ಯಾಗ ಅಶೋಕನ ಕಂಬ, ಅದ ಕಂಬದ ಮ್ಯಾಲೆ ಸಮುದ್ರಗುಪ್ತನ ಪ್ರಶಸ್ತಿ, ಅಂದ್ರ ಹೊಗಳಿಕೆಯ ಶಾಸನ. ಕಾಶಿ ಪಕ್ಕ ಸಾರನಾಥದಾಗ ಇನ್ನೊಂದು ಕಂಬ. ಸಿಂಧನೂರಿನವರಿಗೆ ಮಸ್ಕಿ ಮುಂಜಾನಿ ಚಾ ಕುಡಿದು ಬರೋವಷ್ಟು ಹತ್ರ. ಅಲ್ಲಿಂದ ಶುರು ಮಾಡ್ರಿ, ಸಾರನಾಥದಾಗ ಮುಗಿಸ್ರಿ. ಅಯೋಧ್ಯಾ ಬಿಟ್ಟು ಆ ದಿನಾನ ಸಾಂಚಿಗೆ ಕೊಡ್ರಿ.

ಸಿಂಧನೂರು_ಭತ್ತ:
ಅಣ್ಣಾ, ಇದು ಭಾರಿ ಆತಲ್ಲ. ಸಾಂಚಿಗೆ ಗಾಡಿ ನಿಲ್ತದೇನು?

ಮಸ್ಕಿ_ಬಂಡೆ:
ಈ ಗಾಡಿ ನಿಲ್ಲಂಗಿಲ್ಲ. ಭೋಪಾಲಿನಾಗ ಇಳೀರಿ. ಅಲ್ಲಿಂದ ವಿದಿಶಾ ಕಡೆ ಹೋಗೋ ಲೋಕಲ್ ಗಾಡಿ ಸಾಂಚಿಗೆ ನಿಲ್ತಾವ, ಬಸ್ಸೂ ಅದಾವ. ಸ್ಟೇಷನ್ನಿನಿಂದ ಗುಡ್ಡ ನಡಿಯೋವಷ್ಟ ದೂರ. ದೊಡ್ಡ ಸ್ತೂಪ 36.6 ಮೀಟರ್ ಅಗಲ, 16.5 ಮೀಟರ್ ಎತ್ತರ. ನಾಲ್ಕು ತೋರಣ ಸಮಾಧಾನದಿಂದ ನೋಡಕ್ಕ ಮೂರು ತಾಸು ಬೇಕು. ದಕ್ಷಿಣದ ತೋರಣದ ಹತ್ತಿರ ಅಶೋಕನ ಕಂಬದ ಮುರಿದ ಬುಡ ಐತಿ, ಮಂದಿ ಅದನ್ನ ನೋಡದ ದಾಟಿ ಹೋಗ್ತಾರ. ಉಳಿದ ಹೊತ್ತಿನಾಗ ವಿದಿಶಾ, ಹತ್ತು ಕಿಲೋಮೀಟರ್. ಉದಯಗಿರಿ ಗುಹೆ, ಗ್ರೀಕ್ ದೂತ ನಿಲ್ಲಿಸಿದ ಹೆಲಿಯೊಡೋರಸ್ ಕಂಬ.

ಒಂದು ಎಚ್ಚರ: ಪುರಾತತ್ವ ಇಲಾಖೆಯ ಸ್ಥಳ ಮ್ಯೂಸಿಯಂಗಳು ಸಾಂಚಿಯಾಗೂ ಸಾರನಾಥದಾಗೂ ಶುಕ್ರವಾರ ಬಂದ್. ಸಾರನಾಥದ ನಾಲ್ಕು ಸಿಂಹದ ಬೋದಿಗೆ (ಕಂಬದ ತಲೆ) ಇರೋದು ಮ್ಯೂಸಿಯಂ ಒಳಗ. ಹೊರಗ ಬರೀ ಕಂಬದ ಚೂರು. ಶುಕ್ರವಾರ ಹೋದ್ರ ನೋಟಿನ ಮ್ಯಾಲಿನ ಚಿತ್ರ ನೋಡ್ಕೊಂಡು ಬರಬೇಕು.

ಕೋಟೆ_ಕಲ್ಲು:
ಪ್ರಯಾಗದ ಕಂಬದ ಬಗ್ಗೆ ತಿದ್ದುಪಡಿ. ಕೋಟೆ ಸೈನ್ಯದ ಕೈಯಲ್ಲಿದೆ, ಕಂಬ ಇರೋ ಭಾಗಕ್ಕೆ ಸಾಮಾನ್ಯ ಜನರನ್ನ ಬಿಡಲ್ಲ. ಕೋಟೆಯೊಳಗಿನ ಪವಿತ್ರ ಆಲದ ಮರ ಅಕ್ಷಯವಟ 2019ರಿಂದ ತೆರೆದಿದೆ, ಪಾತಾಳಪುರಿ ಗುಡಿಯೂ ನೋಡಬಹುದು. ಕಂಬ ನೋಡ್ತೀವಿ ಅಂತ ಕೋಟೆ ಬಾಗಿಲಲ್ಲಿ ನಿಂತು ಹೊತ್ತು ಕಳೀಬೇಡಿ.

ಮಸ್ಕಿ_ಬಂಡೆ:
ಹೌದ್ರಿ, ಅದನ್ನ ಹೇಳೋದು ಬಿಟ್ಟಿದ್ದೆ. ಗುಜರ್ರಾಕ್ಕೂ ಬಸ್ಸಿನ ಭರವಸೆ ಇಲ್ಲ, ದತಿಯಾದಾಗ ಆಟೋ ಮಾತಾಡಬೇಕು. ಶಾಸನದ ಹುಚ್ಚು ಇದ್ದೋರಿಗೆ ಮಾತ್ರ.

ತುಂಗಭದ್ರಾ_ದಂಡೆ:
ಮಸ್ಕಿಗೆ ಹೋಗ್ರಿ ಅಂದಿದ್ದಕ್ಕ ನನ್ನ ಮತ ನಿಮಗ.

ಗಂಗಾವತಿ_ಅಕ್ಕ:
ವಸತಿ ಕೇಳಿದ್ರಲ್ಲ. ಕಾಶಿಯಾಗ ಗೋದೌಲಿಯಾ ಚೌಕದ ಹತ್ತಿರನ ಜಂಗಮವಾಡಿ ಮಠ ಐತಿ, ವೀರಶೈವರ ಪಂಚಪೀಠದಾಗಿನ ಕಾಶಿ ಪೀಠ. ಕನ್ನಡ ಮಾತಾಡಿದ್ರ ನಡಿತದ, ಭಕ್ತರಿಗೆ ವಸತಿ ಐತಿ. ಒಳಗ ಹಿರಿಯರ ನೆನಪಿಗೆ ಮಂದಿ ಕೊಟ್ಟ ಶಿವಲಿಂಗಗಳು ಸಾಲುಸಾಲು ಅದಾವ, ಎಣಿಸಕ್ಕ ಆಗಂಗಿಲ್ಲ. ಮಠ ಅಂದ ಮ್ಯಾಲೆ ಮಠದ ರೀತಿ: ರಾತ್ರಿ ತಡ ಮಾಡಿ ಬರಬಾರದು, ಆಧಾರ್ ಕಾರ್ಡ್ ಬೇಕು, ಮುಂಚೆ ಫೋನ್ ಮಾಡಿ ಕೇಳಬೇಕು. ಶ್ರಾವಣ, ಶಿವರಾತ್ರಿಗೆ ಜಾಗ ಇರಂಗಿಲ್ಲ.

ಇನ್ನೊಂದು ಹನುಮಾನ್ ಘಾಟ್ ಹತ್ತಿರ ಕರ್ನಾಟಕ ಸರ್ಕಾರದ ಛತ್ರ, ಮೈಸೂರು ಅರಸರ ಕಾಲದ್ದು. ಕೆಳಗ ಕರ್ನಾಟಕ ಘಾಟ್ ಅಂತನ ಐತಿ. ಆ ಓಣಿ ಕಡೆ ದಕ್ಷಿಣದ ಊಟ, ಇಡ್ಲಿ ಸಿಗ್ತಾವ. ಕೇದಾರ ಘಾಟ್, ಹರಿಶ್ಚಂದ್ರ ಘಾಟ್ ಪಕ್ಕದಾಗ.

ರಾಜ್ಯ ಸರ್ಕಾರದಿಂದ ಕಾಶಿಗೆ ಹೋಗಿ ಬಂದೋರಿಗೆ 5,000 ರೂಪಾಯಿ ಸಹಾಯಧನ ಐತಿ, ಮುಜರಾಯಿ ಇಲಾಖೆಯದು, ಸೇವಾ ಸಿಂಧುವಿನಾಗ ಅರ್ಜಿ. ರಾಜ್ಯದ ನಿವಾಸಿ ಅನ್ನೋ ದಾಖಲೆ, 18 ತುಂಬಿರಬೇಕು, ಜೀವನದಾಗ ಒಮ್ಮೆ ಮಾತ್ರ. ದರ್ಶನ ಮಾಡಿದ್ದಕ್ಕ ಪುರಾವೆ ಕೇಳ್ತಾರ. ಅದಕ್ಕ ಟಿಕೆಟ್, ಪೂಜಾ ರಸೀದಿ ಬಿಸಾಕಬ್ಯಾಡ್ರಿ.

ಹೊಸಪೇಟೆ_ಸರ್ಕಲ್:
ಅಕ್ಕಾ, ಪಂಚಪೀಠದ ಉಜ್ಜಯಿನಿ ಅಂದ್ರೆ ಮಧ್ಯಪ್ರದೇಶದ್ದಾ? ದಾರಿಯಲ್ಲೇ ಬರ್ತೈತಲ್ಲ ಅಂತ ಕೇಳಿದೆ.

ಗಂಗಾವತಿ_ಅಕ್ಕ:
ಅಯ್ಯ ನಮ್ಮಪ್ಪ, ಅದು ನಿಮ್ಮ ಕೊಟ್ಟೂರು ಕಡೆ ಉಜ್ಜಿನಿ. ಹೊಸಪೇಟ್ಯಾಗ ಕುಂತು ಕೇಳ್ತೀಯಲ್ಲ!

ಮಾನ್ವಿ_ಮೇಷ್ಟ್ರು:
ಕಾಶಿಯಲ್ಲಿ ಯಾವ ಸ್ಟೇಷನ್ ಅನ್ನೋದು ಮುಖ್ಯ. ವಾರಾಣಸಿ ಜಂಕ್ಷನ್ ಅಂದ್ರೆ ಊರಿನವರ ಬಾಯಲ್ಲಿ ಕ್ಯಾಂಟ್. ಬನಾರಸ್ ಅನ್ನೋದು ಬೇರೆ ಸ್ಟೇಷನ್, ಮೊದಲು ಮಂಡುವಾಡೀಹ್ ಅಂತಿತ್ತು, 2021ರಲ್ಲಿ ಹೆಸರು ಬದಲಾಯ್ತು. ಕಾಶಿ ಅಂತಲೇ ಇನ್ನೊಂದಿದೆ, ರಾಜ್‌ಘಾಟ್ ಸೇತುವೆ ಪಕ್ಕದ್ದು. ದೀನದಯಾಳ್ ಉಪಾಧ್ಯಾಯ ಜಂಕ್ಷನ್ ಅಂದ್ರೆ ಹಳೇ ಮೊಗಲ್‌ಸರಾಯ್, ಗಂಗೆಯ ಆಚೆ ದಂಡೆ, ಹದಿನೈದು ಕಿಲೋಮೀಟರಿನ ಮೇಲೆ. ಪ್ರಯಾಗದಲ್ಲೂ ಇದೇ ಕಥೆ. ಮುಂಬೈ ಕಡೆಯ ಎಷ್ಟೋ ಗಾಡಿ ನಿಲ್ಲೋದು ಛಿವ್‌ಕಿಯಲ್ಲಿ, ಅದು ಯಮುನೆಯ ಆಚೆ ನೈನಿ ಕಡೆ. ಪ್ರಯಾಗರಾಜ್ ಜಂಕ್ಷನ್ ಊರೊಳಗೆ. ಹೋಗೋದು ಒಂದರಿಂದ, ಟಿಕೆಟ್ ಇನ್ನೊಂದರಿಂದ ಆದ್ರೆ ಗಾಡಿ ತಪ್ಪುತ್ತೆ.

ಪ್ರಯಾಗದಿಂದ ಕಾಶಿಗೆ ರೈಲೇ ಬೇಕು ಅಂತ ಹಟ ಬೇಡ. ಸಿವಿಲ್ ಲೈನ್ಸ್ ಬಸ್ ಸ್ಟ್ಯಾಂಡಿನಿಂದ ಬಸ್ ಇವೆ, ನೂರಿಪ್ಪತ್ತೈದು ಕಿಲೋಮೀಟರ್, ಮೂರು ಮೂರೂವರೆ ತಾಸು. ಆಗ್ರಾದಿಂದ ಕಾಶಿಗೆ 2024ರಿಂದ ವಂದೇ ಭಾರತ್ ಇದೆ, ಆದ್ರೆ ಕಾಸು ಉಳಿಸೋರಿಗೆ ರಾತ್ರಿಯ ಸ್ಲೀಪರ್ ಒಂದು ರೂಮಿನ ಬಾಡಿಗೆ ಉಳಿಸುತ್ತೆ. ಆಗ್ರಾದಲ್ಲಿ ಸೀಟ್ ಸಿಗದಿದ್ರೆ ಟುಂಡ್ಲಾ ನೋಡಿ, ದೆಹಲಿ-ಹೌರಾ ದೊಡ್ಡ ಲೈನ್ ಮೇಲಿದೆ, ಆಗ್ರಾದಿಂದ ಇಪ್ಪತ್ತೈದು ಕಿಲೋಮೀಟರ್ ಸುಮಾರು.

ಕೊಪ್ಪಳ_ಗವಿಗುಡ್ಡ:
ದರ್ಶನದ ಮಾತು. ವಿಶ್ವನಾಥನ ಗುಡಿಯೊಳಗ ಫೋನ್, ಸ್ಮಾರ್ಟ್ ವಾಚ್, ಪೆನ್ನು, ಬ್ಯಾಗ್ ಇಲ್ಲ. ಗೇಟಿನ ಸುತ್ತ ಅಂಗಡಿಯವರು ‘ಲಾಕರ್ ಫ್ರೀ’ ಅಂತ ಕೈ ಹಿಡಿದು ಎಳಿತಾರ. ಲಾಕರ್ ಫ್ರೀ, ಹೂವು-ಪ್ರಸಾದದ ತಟ್ಟಿ ಫ್ರೀ ಅಲ್ಲ. ತಟ್ಟಿ ಕೈಗೆ ತಗೊಳ್ಳೋ ಮೊದಲ ಎಷ್ಟು ಅಂತ ಕೇಳ್ರಿ. ಎಲ್ಲಕ್ಕಿಂತ ಚಲೋ ಅಂದ್ರ ಫೋನ್ ವಸತಿಯಾಗ ಬಿಟ್ಟು, ಕಿಸೆಯಾಗ ರೊಕ್ಕ ಮಾತ್ರ ಇಟ್ಕೊಂಡು ಹೋಗೋದು. ಆದ್ರ ಮೂರು ಮಂದಿ ಗದ್ದಲದಾಗ ಅಗಲಿದ್ರ ಎಲ್ಲಿ ಕೂಡಬೇಕು ಅನ್ನೋದು ಮೊದಲ ಮಾತಾಡ್ಕೋರಿ. ಒಳಗ ಹೋಗೋ ಗೇಟು ಒಂದು, ಹೊರಗ ಬೀಳೋದು ಇನ್ನೊಂದು. 2021ರ ಡಿಸೆಂಬರಿನಾಗ ಕಾರಿಡಾರ್ ಆದ ಮ್ಯಾಲೆ ಗಂಗಾ ಕಡೆಯಿಂದ ಲಲಿತಾ ಘಾಟ್ ಮೆಟ್ಟಿಲು ಹತ್ತಿನೂ ಹೋಗಬಹುದು.

ಸೋಮವಾರ ಬ್ಯಾಡ. ಉಳಿದ ದಿನ ನಸುಕಿನಾಗ, ಇಲ್ಲಂದ್ರ ರಾತ್ರಿ ಊಟದ ಹೊತ್ತಿನಾಗ ಸಾಲು ಸಣ್ಣದು.

ದೋಣಿ ಮಾತಾಡೋವಾಗ ಮೂರು ಮಾತು ಕೇಳಲೇಬೇಕು. ಪೂರ್ತಿ ದೋಣಿಗೋ ತಲೆಗೋ? ಎಲ್ಲಿಂದ ಎಲ್ಲಿಗೆ? ಎಷ್ಟು ಹೊತ್ತು? ಅಸ್ಸಿಯಿಂದ ಹತ್ತಿ ದಶಾಶ್ವಮೇಧ ದಾಟಿ ಮಣಿಕರ್ಣಿಕಾ ತನಕ ಅಂತ ಹೆಸರು ಹಿಡಿದು ಹೇಳ್ರಿ. ಗಂಗಾ ಅಲ್ಲಿ ಉತ್ತರಕ್ಕ ಹರೀತಾಳ, ಘಾಟು ಎಲ್ಲಾ ಪಶ್ಚಿಮ ದಂಡಿಗೆ, ಮುಖ ಪೂರ್ವಕ್ಕ. ಅದಕ್ಕ ಬೆಳಕು ಬೇಕಂದ್ರ ಮುಂಜಾನಿನ ದೋಣಿ, ಸಂಜಿಗೆ ಆರತಿ.

ಮಣಿಕರ್ಣಿಕಾ ಹೆಣ ಸುಡೋ ಘಾಟು, ಅಲ್ಲಿ ಫೋಟೊ ತೆಗೀಬ್ಯಾಡ್ರಿ. ‘ಬಡವರ ಹೆಣಕ್ಕ ಕಟ್ಟಿಗಿ ದಾನ’ ಅಂತ ಮ್ಯಾಲಕ್ಕ ಕರ್ಕೊಂಡು ಹೋಗಿ ಕಿಲೋ ಲೆಕ್ಕ ಹೇಳೋರು ಇರ್ತಾರ. ಕೈ ಮುಗಿದು ಮುಂದಕ್ಕ ಹೋಗೋದು, ಮಾತಿಗೆ ನಿಂತ್ರ ಮುಗೀತು.

ತೋರಣಗಲ್_ಶಿಫ್ಟ್:
ಸ್ನಾನ ಎಲ್ಲಿ ಮಾಡೋದು ಸುರಕ್ಷಿತ?

ಕೊಪ್ಪಳ_ಗವಿಗುಡ್ಡ:
ಕಾಶಿಯಾಗ ಮೆಟ್ಟಿಲು ನೀರೊಳಗೂ ಅದಾವ, ಪಾಚಿ ಹಿಡಿದಿರ್ತದ, ಮೂರ್ನಾಲ್ಕು ಮೆಟ್ಟಿಲು ಇಳಿದ ಮ್ಯಾಲೆ ಒಮ್ಮೆಗೇ ಆಳ. ಸರಪಳಿ ಕಟ್ಟಿರೋ ಘಾಟಿನಾಗ ಅದನ್ನ ಹಿಡಿದು ಮುಳುಗ್ರಿ. ತುಂಗಭದ್ರಾದಾಗ ಈಜಿದೀವಿ ಅನ್ನೋ ಧೈರ್ಯ ಅಲ್ಲಿ ನಡಿಯಂಗಿಲ್ಲ. ಸಂಗಮದಾಗ ದೋಣಿಯವರು ನಡುವ ಕರ್ಕೊಂಡು ಹೋಗಿ ಹಲಗಿ ಕಟ್ಟಿದ ಜಾಗದಾಗ ಇಳಿಸ್ತಾರ, ಅಲ್ಲಿ ನೀರು ಎದಿಮಟ್ಟ. ದರದ ಬೋರ್ಡು ಘಾಟಿನಾಗ ಇರ್ತದ, ಅದನ್ನ ತೋರಿಸಿ ಮಾತಾಡ್ರಿ. ನಡುನೀರಿನಾಗ ತೆಂಗಿನಕಾಯಿ, ಹಾಲು, ಸಂಕಲ್ಪ ಅಂತ ಒಂದೊಂದಕ್ಕ ರೊಕ್ಕ ಕೇಳೋರಿಗೆ ಮೊದಲ ಮಾತಿನಾಗ ಬ್ಯಾಡ ಅನ್ರಿ.

ಸಿಂಧನೂರು_ಭತ್ತ:
ಹಂಗಾರ ಹೊಸ ಲೆಕ್ಕ. ಶಿವರಾತ್ರಿ ಮುಗಿದ ಮ್ಯಾಲೆ. ರಾಯಚೂರು, ಭೋಪಾಲ್-ಸಾಂಚಿ ಒಂದು ದಿನ, ಆಗ್ರಾ ಒಂದು ದಿನ, ಪ್ರಯಾಗ ಒಂದು ದಿನ, ಕಾಶಿ-ಸಾರನಾಥ ಮೂರು ದಿನ. ಅಯೋಧ್ಯಾ ಇಲ್ಲ. ಹತ್ತು ದಿನ ಆಗ್ತದ. ಬರೋ ದಾರಿ ಹೇಳ್ರಿ.

ಗುಂತಕಲ್_ಲೋಕಲ್:
ವಾರಾಣಸಿಯಿಂದ ಮುಂಬೈಗೆ ಮಹಾನಗರಿ ಎಕ್ಸ್‌ಪ್ರೆಸ್ ಐತಿ, ಜಬಲ್‌ಪುರ, ಇಟಾರ್ಸಿ, ಭುಸಾವಳ, ಮನ್ಮಾಡ್ ಮ್ಯಾಲೆ. ಭುಸಾವಳ ಇಲ್ಲಾ ಮನ್ಮಾಡಿನಾಗ ಇಳಿದು ದೆಹಲಿಯಿಂದ ಬರೋ ಕರ್ನಾಟಕ ಎಕ್ಸ್‌ಪ್ರೆಸ್ ಹಿಡೀರಿ, ಸೀದಾ ರಾಯಚೂರು. ಅದು ಸಿಗದಿದ್ರ ಕಲ್ಯಾಣ್ ತನಕ ಹೋಗಿ ಉದ್ಯಾನ್ ಎಕ್ಸ್‌ಪ್ರೆಸ್, ಅದೂ ರಾಯಚೂರು, ಗುಂತಕಲ್ ಮ್ಯಾಲೆನ. ಬಳ್ಳಾರಿ, ಕೊಪ್ಪಳದವರಿಗೆ ಗುಂತಕಲ್ಲಿನಾಗ ಇಳಿದ್ರ ಹುಬ್ಬಳ್ಳಿ ಕಡೆ ಗಾಡಿ ಅದಾವ. ಕೊಪ್ಪಳದವರು ಹೋಗೋವಾಗ ಬೆಳಗಾವಿಗೆ ಹೋಗಿ ಗೋವಾ ಎಕ್ಸ್‌ಪ್ರೆಸ್ ಹತ್ತಿದ್ರೂ ಭೋಪಾಲ್, ಆಗ್ರಾ ಎರಡೂ ಸಿಗ್ತಾವ.

ಎರಡು ಗಾಡಿ ನಡುವ ಆರು ತಾಸು ಇಟ್ಕೋರಿ. ಎರಡೂ ಟಿಕೆಟ್ ಬ್ಯಾರೆ ಬ್ಯಾರೆ ಸುಮ್ಮನ ತೆಗೀಬ್ಯಾಡ್ರಿ. ಐಆರ್‌ಸಿಟಿಸಿಯಾಗ ಎರಡನೇದನ್ನ ಮುಂದುವರಿದ ಪ್ರಯಾಣ ಅಂತ ಮೊದಲನೇ ಪಿಎನ್‌ಆರ್‌ಗೆ ಜೋಡಿಸೋ ಸೌಲಭ್ಯ 2019ರಿಂದ ಐತಿ. ಪ್ರಯಾಣಿಕರ ಹೆಸರು, ವಯಸ್ಸು ಎರಡರಾಗೂ ಒಂದ ಇರಬೇಕು. ಮೊದಲನೇ ಗಾಡಿ ತಡ ಆಗಿ ಎರಡನೇದು ತಪ್ಪಿದ್ರ ಎರಡನೇದರ ರೊಕ್ಕ ವಾಪಸ್ ಕೇಳಬಹುದು. ಜೋಡಿಸದಿದ್ರ ಏನೂ ಬರಂಗಿಲ್ಲ.

ಇಡೀ ಸುತ್ತನ್ನ ಒಂದ ಟಿಕೆಟ್ ಮಾಡಿಸೋ ದಾರಿನೂ ಐತಿ, ಸರ್ಕ್ಯುಲರ್ ಟಿಕೆಟ್. ಹೊಂಟ ಸ್ಟೇಷನ್ನಿಗೇ ವಾಪಸ್ ಬರಬೇಕು, ನಡುವ ಎಂಟು ಕಡೆ ತನಕ ಇಳಿಬಹುದು, ದೂರಕ್ಕ ತಕ್ಕಂಗ ದರ ಇಳಿತದ. ಆನ್‌ಲೈನ್‌ನಾಗ ಸಿಗಂಗಿಲ್ಲ, ದಾರಿ ಬರೆದು ವಿಭಾಗದ ಕಮರ್ಷಿಯಲ್ ಕಚೇರಿಗೆ ಕೊಡಬೇಕು. ರಾಯಚೂರು ಯಾವ ವಿಭಾಗಕ್ಕ ಬರ್ತದ ಅಂತ ಸ್ಟೇಷನ್ನಿನಾಗ ಕೇಳ್ಕೋರಿ. ಬಳ್ಳಾರಿ, ಹೊಸಪೇಟಿ, ಕೊಪ್ಪಳ ಹುಬ್ಬಳ್ಳಿ ವಿಭಾಗಕ್ಕ. ಆ ಟಿಕೆಟ್ ಸಿಕ್ಕ ಮ್ಯಾಲೆ ಪ್ರತಿ ಗಾಡಿಗೂ ರಿಸರ್ವೇಶನ್ ಬ್ಯಾರೆ ಮಾಡಿಸಬೇಕು. ಅಲೆದಾಟ ಐತಿ, ಮೂರು ಮಂದಿಗೆ ಉಳಿಯೋದು ನೋಡ್ಕೊಂಡು ತೀರ್ಮಾನ ಮಾಡ್ರಿ.

ಬಳ್ಳಾರಿ_ಬಿಸಿಲು:
ಸ್ಲೀಪರ್ ಸಾಕಾ, ತ್ರೀ ಎಸಿ ಬೇಕಾ ಅನ್ನೋದೂ ಹೇಳಿಬಿಡ್ರಿ. ನನ್ನ ಪ್ರಕಾರ ಹೋಗೋವಾಗ ಸ್ಲೀಪರ್, ಬರೋವಾಗ ಎಸಿ. ಬರೋವಾಗ ಮೈಯಲ್ಲಿ ಕಸುವು ಇರಲ್ಲ.

ಒಗ್ಗಾಣಿ_ಮಿರ್ಚಿ:
ಮಾರ್ಚಿನಾಗ ಎಸಿ ಯಾಕ ಬೇಕು ಬಳ್ಳಾರಿ ಮಂದಿಗೆ?

ಬಳ್ಳಾರಿ_ಬಿಸಿಲು:
ಗಾಳಿಗಲ್ಲ, ವೇಟಿಂಗ್ ಟಿಕೆಟ್ ಇಟ್ಕೊಂಡು ಬರ್ತ್ ತುದಿಗೆ ಕೂರೋರಿಗಾಗಿ. ಕನ್ಫರ್ಮ್ ಆಗದ ಟಿಕೆಟ್ಟಲ್ಲಿ ಸ್ಲೀಪರ್ ಹತ್ತಂಗಿಲ್ಲ ಅಂತ ನಿಯಮ ಐತೆ, ಹೋಳಿ ಮುಂದೆ ನಿಯಮ ಯಾರು ಕೇಳ್ತಾರೆ?

ಸಿಂಧನೂರು_ಭತ್ತ:
ಗಂಗಾಜಲ ತರೋದು ಹೆಂಗ? ಮನಿಯಾಗ ಐದು ಲೀಟರ್ ಕೇಳ್ಯಾರ.

ಗಂಗಾವತಿ_ಅಕ್ಕ:
ಐದು ಲೀಟರ್ ಅಂದ್ರ ಐದು ಕೆಜಿ, ಯಾರ ಬೆನ್ನ ಮ್ಯಾಲೆ? ಘಾಟಿನ ಅಂಗಡ್ಯಾಗ ಕ್ಯಾನ್ ಸಿಗ್ತಾವ, ಆದ್ರ ಆ ಮುಚ್ಚಳ ಸೋರ್ತಾವ. ಊರಿಂದ ಒಂದು ಲೀಟರಿನ ಗಟ್ಟಿ ಬಾಟಲಿ ಒಯ್ರಿ. ನೀರು ತುಂಬೋವಾಗ ಕುತ್ತಿಗಿ ತನಕ ತುಂಬಬ್ಯಾಡ್ರಿ, ಬಾಯಿಗೆ ಪ್ಲಾಸ್ಟಿಕ್ ಹಾಳಿ ಇಟ್ಟು ಮುಚ್ಚಳ ತಿರುವಿ ಮ್ಯಾಲೆ ಟೇಪ್ ಸುತ್ರಿ. ಬ್ಯಾಗಿನಾಗ ನಿಲ್ಲಿಸಿ ಇಡ್ರಿ, ಮಲಗಿಸಬ್ಯಾಡ್ರಿ.

ಒಗ್ಗಾಣಿ_ಮಿರ್ಚಿ:
ರೊಟ್ಟಿ ಖಾಲಿ ಆದ ಜಾಗಕ್ಕ ಸರಿ ಹೊಂದತದ.